ಹೆಜ್ಜಾರ್ಲೆಯ ಹಿಂದೆ

ಗೇಟಿನ ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ನಯೀಬೆ ಅಮ್ಮನ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಹನ್ನೊಂದು ಹಾಡುಗಳನ್ನೂ ಇಳಿಸಿಕೊಂಡಳು. ಅಮ್ಮ ಮೀನು ತರಲು ಹೋಗಿದ್ದಳು. ಕಾಣೆಯಾದವರನ್ನು ಹುಡುಕುವ ಕಚೇರಿಯ ಹೆಂಗಸು ಹನ್ನೆರಡಕ್ಕೆ ಬರುತ್ತೇನೆಂದಿದ್ದಳು.

ನದಿ ಸಮುದ್ರ ಸೇರುವ ಕಡೆ ಪಾಳುಬಿದ್ದ ದನದ ದೊಡ್ಡಿಯೊಂದನ್ನು ನವೆಂಬರಿನಲ್ಲಿ ಅಗೆದಾಗ ಮೂಳೆಗಳು ಸಿಕ್ಕಿದ್ದವು. ಅವು ಅಣ್ಣ ಎಬೆರ್ತೊನವೋ ಅಲ್ಲವೋ ತಿಳಿಯಲು ತಾಯಿಯ ಎಂಜಲು ಒಂದಿಷ್ಟು ಸಾಕು. ಬಾಯೊಳಗೆ ಹತ್ತಿಯ ಕಡ್ಡಿ ಆಡಿಸಿದರೆ ಮುಗಿಯಿತು. ಎರಡು ಸಲ ಬಂದ ಹೆಂಗಸನ್ನು ಅಮ್ಮ ಎರಡು ಸಲವೂ ಕಾಫಿ ಕೊಟ್ಟು ವಾಪಸು ಕಳಿಸಿದ್ದಳು.

"ಸತ್ತವರು ಹಾಡು ಕಳಿಸಲ್ಲ ತಾಯಿ," ಎಂದಿದ್ದಳು ಅಮ್ಮ.

ಇದು ಮೂರನೆಯ ಸಲ, ಕೊನೆಯದು. ಇವತ್ತೂ ಒಲ್ಲೆ ಎಂದರೆ ಆ ಮೂಳೆಗಳು ಒಂದು ನಂಬರು ಹೊತ್ತು ಸ್ಮಶಾನದ ಗೋಡೆಯ ಗೂಡು ಸೇರುತ್ತವೆ.

ಹಾಡು ನುಡಿಸಲೆಂದು ಹೋದ ಎಬೆರ್ತೊ ಮನೆಗೆ ಬಾರದೆ ಹನ್ನೆರಡು ವರ್ಷವಾಗುತ್ತ ಬಂದಿತ್ತು. ಮರುವರ್ಷದಿಂದ ಪ್ರತಿ ಡಿಸೆಂಬರಿನಲ್ಲಿ, ಅವನು ಹುಟ್ಟಿದ ದಿನ, ಸಲಕ್ಕೊಂದು ಗುರುತಿಲ್ಲದ ನಂಬರಿನಿಂದ ಅಮ್ಮನ ಫೋನಿಗೆ ಒಂದು ಹಾಡು ಬರುತ್ತಿತ್ತು. ಜೊತೆಗೆ ಒಂದಕ್ಷರವೂ ಇಲ್ಲ. ಹಾಡಿನ ಮುಖಕ್ಕೆ ಮಾತ್ರ ಸುರುಟು ಸೇದುವ ಹೆಜ್ಜಾರ್ಲೆ ಹಕ್ಕಿಯ ಚಿತ್ರ. ಅದು ಅವರ ಮನೆಯ ಪಿಕೋದ ಗುರುತು.

ಪಿಕೋ ಎಂದರೆ ಬರಾಂಕಿಯಾ ಊರಿನ ಬೀದಿಗಳನ್ನು ಕುಣಿಸುವ, ಆಳೆತ್ತರದ ಬಣ್ಣದ ಸ್ಪೀಕರು. ಪಿಕೋ ಇಟ್ಟವರಿಗೆ ಹಾಡಿಗಿಂತ ಹಾಡಿನ ಗುಟ್ಟು ದೊಡ್ಡದು. ಹಡಗಿನವರ ಕೈಯಿಂದ ಆಫ್ರಿಕದ ರೆಕಾರ್ಡೊಂದು ಸಿಕ್ಕಿತೋ, ಅಪ್ಪ ಮೊದಲು ಬ್ಲೇಡು ಹುಡುಕುತ್ತಿದ್ದ. ಕವರಿನ ಮೇಲೆ ಹಾಡುಗಾರನ ಹೆಸರಿದ್ದಲ್ಲಿ ಚೌಕವಾಗಿ ಕೊಯ್ದು, ಹೆಜ್ಜಾರ್ಲೆಯ ಚೀಟಿ ಅಂಟಿಸುತ್ತಿದ್ದ. ಎದುರಾಳಿಗಳು ತಲೆ ಕೆಳಗಾಗಿ ನಿಂತರೂ ಹಾಡು ಯಾರದೆಂದು ತಿಳಿಯಬಾರದು. ರೆಕಾರ್ಡುಗಳು ಫೈಲುಗಳಾದ ಮೇಲೂ ಅದೇ ಚಾಳಿ. ತನ್ನ ಗುರುತಿಗೆಂದು ಆ ಕೊಯ್ದ ಕವರಿನ ಫೋಟೊ ಒಳಗಿಡುವುದು, ಹೊರಗೆ ಕೊಡುವಾಗ ಅದರ ಮೇಲೆ ಹೆಜ್ಜಾರ್ಲೆಯನ್ನು ಕೂರಿಸುವುದು.

ಅಂಟಿಸಿದರೆ ಮುಚ್ಚಿಹೋಯಿತು ಎಂದೇ ಪಿಕೋದವರ ನಂಬಿಕೆ. ಫೈಲಿನ ಮರ್ಜಿ ಬೇರೆ. ಹೊಸ ಚಿತ್ರ ಬಂದರೂ ಹಳೆಯದು ಅದರ ಬೆನ್ನ ಹಿಂದೆ ಹಾಗೇ ಕೂತಿರುತ್ತದೆ. ಫೋನು ಮುಂದಿನದನ್ನಷ್ಟೇ ತೋರಿಸುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಜನರ ಫೋನಿಗೆ ಹಾಡು ತುಂಬಿಕೊಡುವ ನಯೀಬೆಗೂ ಇದು ತಿಳಿದದ್ದು ಹೋದ ವಾರ. ಆಮೇಲೆ ಅವಳಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಹಾಡು ಕಳಿಸುವವನು ಎಬೆರ್ತೊ ಅಲ್ಲ ಎಂದು ಅಮ್ಮನಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿರಲಿಲ್ಲ. ಚಿತ್ರಗಳೇ ಹೇಳಲಿ.

ಕಂಪ್ಯೂಟರಿನ ಕಪ್ಪು ಪರದೆ ತೆರೆದಳು. ಒಳಗಿರುವ ಚಿತ್ರಗಳನ್ನೆಲ್ಲ ಹೊರಗೆ ಹಾಕೆಂದು ಒಂದು ಸಾಲಿನ ಆದೇಶ ಬರೆದು, ಕೊನೆಗೆ ಮೊದಲ ಹಾಡಿನ ಹೆಸರು ಸೇರಿಸಿ, ಗುಂಡಿ ಒತ್ತಿದಳು. ಎರಡು ಚಿತ್ರ, ಎಂದಿತು ಪರದೆ.

ಪಕ್ಕದಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತಿದ್ದ ಉಬಾಲ್ದಿನಾ ಚಿಕ್ಕಮ್ಮ ಕನ್ನಡಕ ಏರಿಸಿದಳು. "ಇದು ಭಾವನ ಬ್ಲೇಡು ಕಣೆ. ಕೊಯ್ಯೋದ್ರಲ್ಲೇ ಆಯಸ್ಸು ಕಳೆದ್ರು ಪುಣ್ಯಾತ್ಮ. ಮದುವೆ ಫೋಟೊದಲ್ಲಿ ನನ್ನನ್ನೂ ಕೊಯ್ದು ಹಾಕಿದ್ರು."

ನಯೀಬೆ ನಗಲಿಲ್ಲ. ಎರಡನೆಯದು, ಮೂರನೆಯದು, ನಾಲ್ಕು, ಐದು. ಹತ್ತರವರೆಗೂ ಹೆಜ್ಜಾರ್ಲೆಯ ಹಿಂದೆ ಚೌಕ ತೂತಿನ ಒಂದೊಂದು ಕವರು. ಅವನ್ನು ಅವಳು ನಿಂತು ನೋಡಲೂ ಇಲ್ಲ. ಹೋಗುವ ಮೊದಲೇ ಹುಡುಗ ಎಲ್ಲವನ್ನೂ ಕಾಪಿ ಮಾಡಿಕೊಂಡಿದ್ದಾನೆ, ಹಾಗಾದರೆ ಎಲ್ಲೋ ಬದುಕಿದ್ದಾನೆ ಎಂದು ಚಿಕ್ಕಮ್ಮ ಶಿಲುಬೆ ಮುಟ್ಟಿಕೊಂಡಳು.

ಹನ್ನೊಂದನೆಯದರಲ್ಲಿ ಒಂದೇ ಚಿತ್ರ. ಬರೀ ಹೆಜ್ಜಾರ್ಲೆ, ಹಿಂದೆ ಏನೂ ಇಲ್ಲ. ನಯೀಬೆ ಅದೇ ಸಾಲನ್ನು ಮತ್ತೆ ಬರೆದಳು. ಮತ್ತೆ ಒಂದೇ. ಮೂರನೆಯ ಸಲವೂ ಒಂದೇ.

ಇದೊಂದನ್ನು ಹಾಕಿ ಕೇಳೋಣವೆಂದಳು ಚಿಕ್ಕಮ್ಮ. ಬೇಡ, ಚಿತ್ರ ಸಾಕು ಎಂದಳು ನಯೀಬೆ. ಹಾಡು ಬಂದು ಒಂಬತ್ತು ದಿನವಾಗಿತ್ತು. ಅಮ್ಮ ಅದನ್ನು ಹಾಕಿದಾಗಲೆಲ್ಲ ಅವಳು ಎದ್ದು ಹಿತ್ತಲಿಗೆ ಹೋಗಿದ್ದಳು.

ಅಮ್ಮ ಮತ್ತು ಕಚೇರಿಯ ಹೆಂಗಸು ಒಟ್ಟಿಗೇ ಒಳಗೆ ಬಂದರು. ಚಿಕ್ಕಮ್ಮ ತಡೆಯಲಾರದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಅಮ್ಮ ಮೀನಿನ ಚೀಲವನ್ನು ನೆಲಕ್ಕಿಟ್ಟು ಪರದೆಯ ಮುಂದೆ ನಿಂತಳು. ಒಂದೊಂದು ಕವರನ್ನೂ ನಿಧಾನವಾಗಿ ನೋಡಿ, ಆರನೆಯದರ ಮೇಲೆ ಬೆರಳಿಟ್ಟಳು.

"ಇದನ್ನ ನಿಮ್ಮಪ್ಪ ಕೊಯ್ದಿದ್ದು ಎಬೆರ್ತೊ ಹೋಗಿ ಎರಡು ವರ್ಷಕ್ಕೆ. ಬ್ಲೇಡು ಜಾರಿ ಹೆಬ್ಬೆರಳು ಕುಯ್ಕೊಂಡ್ರು. ಕಟ್ಟಿದವಳು ನಾನೇ."

ಚಿಕ್ಕಮ್ಮನ ಕೈಯಲ್ಲಿ ತೊಗರಿಕಾಯಿ ಹಾಗೇ ಉಳಿಯಿತು. ತೀರಿಹೋದ ಅಪ್ಪನ ಕೋಣೆಗೆ ಎರಡೇ ಬೀಗದಕೈ. ಒಂದು ಅಮ್ಮನ ಕೊರಳಲ್ಲಿತ್ತು. ಇನ್ನೊಂದು ನಯೀಬೆಯ ಹತ್ತಿರವಿತ್ತು.

ಅಮ್ಮ ಕುರ್ಚಿ ಎಳೆದು ಕೂತು, ಪರಮಪ್ರಸಾದಕ್ಕೆಂದು ಪಾದ್ರಿಯ ಮುಂದೆ ತೆರೆಯುವ ಹಾಗೆ ಬಾಯಿ ತೆರೆದಳು. ಹತ್ತಿಯ ಕಡ್ಡಿ ಒಳಗೆ ಹೋಗಿ ಹೊರಗೆ ಬಂತು. ಹೆಂಗಸು ಅದನ್ನು ಕೊಳವೆಗಿಳಿಸಿ ಮೊಹರು ಒತ್ತಿದಳು, ಸಹಿ ಹಾಕಿಸಿಕೊಂಡಳು. ಚಿಕ್ಕಮ್ಮ ಅವಳನ್ನು ಗೇಟಿನವರೆಗೆ ಬಿಡಲು ಹೋದಳು.

ನಯೀಬೆ ವಾರದಿಂದ ಜೋಡಿಸಿಟ್ಟ ಮಾತುಗಳಲ್ಲಿ ಒಂದನ್ನೂ ಆಡಬೇಕಾಗಿ ಬರಲಿಲ್ಲ. ಅಮ್ಮ ಫೋನನ್ನು ಅಡುಗೆಬಟ್ಟೆಯಲ್ಲಿ ಒರೆಸಿದಳು.

"ಹಳೇ ಹತ್ತು ಹೋಗ್ಲಿ ಬಿಡು ಮಗಳೇ. ನನ್ನ ಜೀವ ನಿಲ್ಲಲಿ ಅಂತ ನೀನು ಮಾಡ್ದೆ. ಈ ವರ್ಷದ್ದನ್ನ ಮಾತ್ರ ಕ್ಷಮಿಸೋಕಾಗಲ್ಲ. ಹಾಡಿನ ಮಧ್ಯೆ 'ಅಮ್ಮಾ, ಈ ಸಲ ಮನೆಗೆ ಬರ್ತೀನಿ' ಅಂತ ಅವನ ದನಿ ಹಾಕಿದೀಯಲ್ಲ, ಎಲ್ಲಿಂದ ತಂದೆ ಅದನ್ನ?"

ನಯೀಬೆ ಕಳಿಸಿದ್ದು ಹತ್ತೇ ಹಾಡು.