ಆಟ ತೆಗೆದ ಮೇಲೆ

ಮಗನ ಕಾಲಿನಿಂದ ಆಟ ತೆಗೆದ ಮರುದಿನ ಪಾರವ್ವ ಅವನನ್ನು ಕರೆದೊಯ್ಯಲು ಫುಟ್‌ಬಾಲ್ ಅಕಾಡೆಮಿಗೆ ಬಂದಳು. ಅವನಿಗೆ ಏಳು ವರ್ಷ ತುಂಬಿದಾಗ ಸೇರಿಸಿದ್ದಳು. ಅವನಲ್ಲಿ ಬೆಳೆದ ಆಟವನ್ನು ಅಕಾಡೆಮಿಯವರು ಎಂದಿನಂತೆ ವಯಸ್ಸಾದ ಯಾರೋ ಹೆಸರಾಂತ ಆಟಗಾರನ ಕಾಲಿಗೆ ಹಾಕಿದ್ದರು.

“ನೋವೇನೂ ಇರಂಗಿಲ್ಲವ್ವಾ. ಎರಡು ದಿನ ಎಣ್ಣಿ ಹಚ್ಚ್ರಿ,” ಎಂದರು ಕೋಚ್.

ಗೇಟಿನ ಬಳಿ ಚೆಂಡೊಂದು ಉರುಳಿ ಬಂದು ಮಗ ಸಿದ್ರಾಯನ ಪಾದಕ್ಕೆ ತಾಗಿತು. ಅವನು ಬಗ್ಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

“ಯವ್ವಾ, ಇದನ್ನ ಏನ್ ಮಾಡ್ಬೇಕು?”

ಅಷ್ಟರಲ್ಲಿ ತಾಯಿಯ ಜೊತೆ ಬಂದಿದ್ದ ಅವನ ತಂಗಿ ನೀಲವ್ವ ಚೆಂಡು ಕಸಿದು ಬರಿಗಾಲಲ್ಲಿ ಒದ್ದಳು. ಅದು ಬಾಗಿಕೊಂಡು ಹೋಗಿ ದೂರದ ಗೋಲಿನ ಮೂಲೆ ಸೇರಿತು.

ಕೋಚ್ ಹಿಂದಿರುಗಿ ನೋಡಿದರು. “ಈಕಿಗೆ ವಯಸ್ಸೆಷ್ಟವ್ವಾ?”

ಪಾರವ್ವ ಮಗಳನ್ನು ಎತ್ತಿಕೊಂಡು ಪಾದಗಳನ್ನು ಸೆರಗಿನಲ್ಲಿ ಮುಚ್ಚಿದಳು.

“ಏಳು ತುಂಬ್ಯಾವ್ರೀ ಸರ್!” ಎಂದ ಸಿದ್ರಾಯ, ಹೆಮ್ಮೆಯಿಂದ ಚಪ್ಪಾಳೆ ತಟ್ಟುತ್ತ.