ಕಂಬಳಿ ಹೊದ್ದ ಪಾತ್ರೆ

ಬಾಗಿಲು ತೆರೆದೊಡನೆ ಲೋಲಾಕ್ಷಿಯ ಮೂಗಿಗೆ ಕಳ್ಳಿನ ವಾಸನೆ ಬಡಿಯಿತು. ಕೈಯಲ್ಲಿದ್ದ ತರಕಾರಿ ಚೀಲ ಕೆಳಗಿಡದೆಯೇ ಅವಳು ಆ ವಾಸನೆಯ ಹಿಂದೆ ನಡೆದಳು. ಗಲ್ಫಿನ ಅಲ್ ನಹ್ದಾದ ಆ ಒಂದು ಕೋಣೆಯ ಫ್ಲ್ಯಾಟಿನಲ್ಲಿ ಹುಡುಕಲು ಹೆಚ್ಚು ಜಾಗವೂ ಇರಲಿಲ್ಲ. ಬಾಲ್ಕನಿಯ ಬಿಸಿಲಲ್ಲಿ ಮುಚ್ಚಳ ಹಾಕಿದ ದಪ್ಪ ತಳದ ಪಾತ್ರೆ, ಅದರ ಸುತ್ತ ಕಂಬಳಿ. ಪಕ್ಕದಲ್ಲಿ ಗಂಡ ಪೂವಪ್ಪ ಕುಕ್ಕರಗಾಲಲ್ಲಿ ಕೂತು ಅದನ್ನೇ ಕಾಯುತ್ತಿದ್ದ.

ಹೋದ ವರ್ಷ ಅವಳಿಗೆ ಬಟ್ಟೆಯ ಕಪಾಟಿನೊಳಗೆ ಪ್ಲಾಸ್ಟಿಕ್ ಕ್ಯಾನು ಸಿಕ್ಕಿತ್ತು: ಖರ್ಜೂರ, ಸಕ್ಕರೆ, ಯೀಸ್ಟು, ನೀರು. ಅದನ್ನು ಕುಡಿದು ಡ್ಯೂಟಿಗೆ ಹೋದವನ ಕೆಲಸ ಹೋಯಿತು. ಜೈಲು ತಪ್ಪಿದ್ದು ಯಾರ ಪುಣ್ಯವೋ. ಆಮೇಲೆ ಊರಿಗೆ ಹೋಗಿ, ದೈವದ ಎದುರು ದೀಪ ಮುಟ್ಟಿ, ಮಗಳು ಭವ್ಯಶ್ರೀಯ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿ ಬಂದಿದ್ದ. ಇನ್ನೊಮ್ಮೆ ಕುಡಿದರೆ ಮಗಳನ್ನು ಕರೆದುಕೊಂಡು ವಿಮಾನ ಹತ್ತುತ್ತೇನೆ ಎಂದು ಲೋಲಾಕ್ಷಿ ಹೇಳಿದ್ದು ಒಂದೇ ಸಲ. ಅದಕ್ಕಿಂತ ದೊಡ್ಡ ಭಯ ಅವಳಿಗೆ ಆ ಆಣೆಯದು. ದೈವ ಮರೆಯುವುದಿಲ್ಲ, ತಪ್ಪಿದ ಮಾತು ಬಂದು ಕೂರುವುದು ಮಗಳ ತಲೆಯ ಮೇಲೆಯೇ.

“ಎಂತ ಇದು?”

“ಬ್ರೆಡ್ಡು. ಹಿಟ್ಟು ಉಬ್ಬಲಿಕ್ಕೆ ಇಟ್ಟದ್ದು.”

“ನೀವು? ಬ್ರೆಡ್ಡು?”

ಈಗಿನ ಹೊಸ ಕಂಪನಿಯ ಮೆಸ್ಸಿನ ಅಡುಗೆಯವನು ಹೇಳಿಕೊಟ್ಟ ಎಂದ. ಒಳಗೆ ಎಸಿಯ ತಂಪಿಗೆ ಉಬ್ಬುವುದಿಲ್ಲ, ಅದಕ್ಕೆ ಇಲ್ಲಿಟ್ಟೆ ಎಂದ. ಈ ಹುಚ್ಚು ಯಾಕೆ ಎಂದು ಕೇಳಿದ್ದಕ್ಕೆ ಮಾತ್ರ ತಡವರಿಸಿದ. ಶುಕ್ರವಾರ ರಜೆ, ಸಂಜೆಯಾಗುತ್ತ ಬಂದ ಹಾಗೆ ಕೈ ಸುಮ್ಮನಿರುವುದಿಲ್ಲ, ಏನಾದರೂ ನಾದುತ್ತ ಕೂತರೆ ಹೊತ್ತು ಹೋಗುತ್ತದೆ ಎಂದು ನೆಲ ನೋಡಿ ಹೇಳಿದ.

ಅವಳು ಮುಚ್ಚಳಕ್ಕೆ ಕೈ ಹಾಕಿದಳು. ಅವನು ಆ ಕೈ ಹಿಡಿದ.

“ಈಗ ತೆಗೀಬೇಡ ಮಾರಾಯ್ತಿ. ಗಾಳಿ ತಾಗಿದ್ರೆ ಇಳೀತದೆ.”

“ಕ್ಯಾನು ಸಿಕ್ಕಿದ ದಿನವೂ ತೆಗೀಬೇಡ ಅಂತಲೇ ಹೇಳಿದ್ದು ನೀವು.”

“ಈಚಲ ಮರದಡಿ ಮಜ್ಜಿಗೆ ಕುಡಿದವನ ಹಾಗಾಯ್ತು ನನ್ನ ಕತೆ.”

“ಮಜ್ಜಿಗೆಗೆ ಯಾರೂ ಕಂಬಳಿ ಹೊದಿಸುದಿಲ್ಲ.”

ಪೂವಪ್ಪ ಕೈ ಬಿಟ್ಟ. ರಸ್ತೆಯಾಚೆಯ ಮಸೀದಿಯಲ್ಲಿ ಸಂಜೆ ನಮಾಜಿನ ಅಸರ್ ಬಾಂಗ್ ಮೊದಲಾಯಿತು. ಅದು ಮುಗಿಯುವವರೆಗೆ ಲೋಲಾಕ್ಷಿ ಮನಸ್ಸಿನಲ್ಲೇ ತನ್ನ ದೈವದ ಹೆಸರು ಹೇಳುತ್ತ ಇದ್ದಳು. ಕೊನೆಗೆ ಕೈ ಹಿಂದೆ ತೆಗೆದಳು. ನಂಬಿ ಅಲ್ಲ, ಒಳಗೆ ಕಾಣಬಹುದಾದದ್ದಕ್ಕೆ ಹೆದರಿ.

ಅವನು ಕಂಬಳಿ ಬಿಚ್ಚಿ ಮುಚ್ಚಳ ಸಮೇತ ಪಾತ್ರೆಯನ್ನು ಎತ್ತಿ ಓವನ್ನಿಗೆ ಇಟ್ಟ. ಅವಳು ಅಡುಗೆಮನೆಯ ಸ್ಟೂಲಿನಲ್ಲಿ ಕೂತಳು. ಮೊದಲು ಹುಳಿ ವಾಸನೆ ಇನ್ನಷ್ಟು ಏರಿತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹುಳಿ ಕರಗಿ, ಬೆಂದ ಗೋಧಿಯ ಪರಿಮಳ ಗೋಡೆ ಗೋಡೆಗೂ ಹತ್ತಿತು. ಅವನು ಬಟ್ಟೆ ಹಿಡಿದು ಮುಚ್ಚಳ ತೆಗೆದಾಗ ಕೆಂಪಗೆ ಉಬ್ಬಿದ, ನಡುವೆ ಬಿರುಕು ಬಿಟ್ಟ ಬ್ರೆಡ್ಡು ಆವಿಯೊಳಗಿಂದ ಕಾಣಿಸಿತು. ಬೆರಳು ಸುಟ್ಟುಕೊಂಡು ಮುರಿದ ಮೊದಲ ತುಂಡನ್ನು ಅವಳಿಗೆ ಕೊಟ್ಟ.

ಉಪ್ಪು ಸ್ವಲ್ಪ ಹೆಚ್ಚಾಯಿತು ಎಂದಳು. ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿತ್ತು.

ಪೂವಪ್ಪನಿಗೆ ಅದು ಸಾಲಲಿಲ್ಲವೋ, ದಿನವೂ ಡ್ಯೂಟಿಯಿಂದ ಬಂದು ಅವಳಿಗೆ ಉಸಿರು ತೋರಿಸುವ ಒಂದು ವರ್ಷದ ರೂಢಿಯೋ. ಹತ್ತಿರ ಬಂದು, ಡಾಕ್ಟರ ಎದುರು ನಿಂತ ಮಗುವಿನಂತೆ ಕಣ್ಣು ಮುಚ್ಚಿ ಬಾಯಿ ತೆರೆದ.

“ಇದನ್ನೂ ಮೂಸಿಬಿಡು.”

ಬೇಡ ಎನ್ನಬೇಕೆಂದೇ ಇದ್ದಳು ಲೋಲಾಕ್ಷಿ. ಅಷ್ಟರಲ್ಲಿ ಅವಳ ಮೂಗು ಉಸಿರೆಳೆದುಕೊಂಡಾಗಿತ್ತು.