ಪಾಠಪುಸ್ತಕದ ಮೊದಲ ಸಾಲು

ಮಂಗಳ ಗ್ರಹದ ಹೊಸ ದೇಶಕ್ಕೆ ಐವತ್ತು ತುಂಬಿತ್ತು. ಮಕ್ಕಳ ಚರಿತ್ರೆ ಪುಸ್ತಕದ ಮೊದಲ ಸಾಲಿಗಾಗಿ ಇಬ್ಬರು ಪ್ರೊಫೆಸರರು ಹುಸೇನಬಿಯ ಮನೆಗೆ ಬಂದಿದ್ದರು. ಮೊದಲ ನೌಕೆಯವರಲ್ಲಿ ಉಳಿದವಳು ಅವಳೊಬ್ಬಳೇ.

"ದೇಶ ಕಟ್ಟಿದ್ದು ಇಸ್ಲಾಂ. ಮೊದಲು ಎದ್ದದ್ದು ಮಸೀದಿ," ಎಂದರು ಖಾದರವಲಿ.

"ಪಕ್ಕದ ನೀರಿನ ಟಾಕಿ ಯಾಕ ಮರೀತೀರಿ ಸಾಹೇಬ್ರ? ಕಟ್ಟಿದ್ದು ನೀರಡಿಕೆ," ಎಂದರು ನೀಲಾಂಬಿಕಾ.

ಹುಸೇನಬಿ ಚಹಾ ಇಟ್ಟಳು. "ನಮ್ಮನಿಯವ್ರು ನೀರಿನ ಬದ್ಲಿ ಈ ಕೆಂಪು ಮಣ್ಣು ಮುಟ್ಟಿ, ಕೈ ಮಾರಿ ಸವರಿಕೊಂಡು ನಮಾಜು ಮಾಡತಿದ್ರು. ತೊಳಕೊಳ್ಳೋ ನೀರು ಬಾಣಂತಿ ನಿಮ್ಮವ್ವಗ ಕಳಸತಿದ್ರು, ನೀಲವ್ವಾ. ಅದು ಧರ್ಮನೋ ನೀರಡಿಕೆನೋ, ನೀವೇ ಜಗಳಾಡ್ರಿ. ಅವರ ಹೆಸರೊಂದು ಬರೀರಿ."

ಇಬ್ಬರೂ ಪೆನ್ನೆತ್ತಿದರು. "ಹೆಸರೇನಜ್ಜಿ?"

ಗಂಡನ ಹೆಸರನ್ನು ಅವಳೆಂದೂ ಬಾಯಲ್ಲಿ ಹೇಳಿದವಳಲ್ಲ. ಕಿಟಕಿಯಂಚಿನ ಧೂಳಿನಲ್ಲಿ ಬೆರಳಿಂದ ನಿಧಾನವಾಗಿ ಬರೆದಳು: ದಾವಲಸಾಬ.